ಕಡಿಮೆ ಖರ್ಚಿನಲ್ಲಿ ಕಾರಿಗೆ ಬೇರೆ ಸೈಲೆನ್ಸರ್: ಯಾವುದು ತಗೊಳ್ಳಲಿ, ನಾನೇ ಕೂರಿಸಬಹುದಾ?

ಕೆಂಪುಕಾರು

ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್. ಅಪ್ಪ ಓಡಿಸುತ್ತಿದ್ದ ಗಾಡಿ, ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಅದಕ್ಕೇ ಮಾರಲು ಮನಸ್ಸಿಲ್ಲ.

ಹತ್ತು ದಿನದಿಂದ ಹಿಂದುಗಡೆ ಗಡಗಡ ಸದ್ದು ಶುರುವಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಮಗು ಎದ್ದು ಅಳುತ್ತದೆ. ಕೆಳಗೆ ಬಗ್ಗಿ ನೋಡಿದೆ. ಸೈಲೆನ್ಸರ್ ಡಬ್ಬಿಯ ಹೊಟ್ಟೆಯೆಲ್ಲ ತುಕ್ಕು. ಕಂಪನಿ ಸೈಲೆನ್ಸರ್ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಹೊರಗಿನವರು ಮಾಡುವ ಮಫ್ಲರ್, ಅಂದರೆ ಇದೇ ಸೈಲೆನ್ಸರ್ ಡಬ್ಬಿ, ತುಂಬಾ ಕಡಿಮೆಗೆ ಸಿಗುತ್ತದೆ ಅಂತ ಗೊತ್ತಾಯಿತು, ಆದರೆ ಅದರಲ್ಲಿ ಹತ್ತು ಥರ ಇವೆ.

ಯಾವ ಥರದ್ದು ತಗೊಳ್ಳಲಿ? ಪೈಪು ಸ್ವಲ್ಪ ದಪ್ಪದ್ದು ಹಾಕಿದರೆ ಪಿಕಪ್ ಜಾಸ್ತಿ ಆಗುತ್ತದೆ ಅಂತಾರೆ, ನಿಜಾನಾ? ನನಗೆ ವೆಲ್ಡಿಂಗ್ ಬರುವುದಿಲ್ಲ. ಸ್ಪ್ಯಾನರ್ ಸೆಟ್ಟು, ಜಾಕು, ಹ್ಯಾಕ್ಸಾ ಇದೆ. ಇಷ್ಟರಲ್ಲಿ ನಾನೇ ಕೂರಿಸಬಹುದಾ?

ನಟ್ಟುಬೋಲ್ಟು

ಕೂರಿಸಬಹುದು. ಆದರೆ ಏನೂ ಕೊಳ್ಳುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಸೈಲೆನ್ಸರ್ ಬದಲಾಯಿಸಿದ ಮೇಲೂ ಸದ್ದು ಹಾಗೇ ಉಳಿದವರನ್ನು ತುಂಬಾ ಜನರನ್ನು ನೋಡಿದ್ದೇನೆ.

ಎಂಜಿನ್‌ನಿಂದ ಹಿಂದಕ್ಕೆ ಹೊಗೆ ಬರುವ ದಾರಿ ಉದ್ದವಾಗಿದೆ. ಮೊದಲು ಎಲ್ಲ ಸಿಲಿಂಡರಿನ ಹೊಗೆ ಕೂಡುವ ಮ್ಯಾನಿಫೋಲ್ಡ್, ಆಮೇಲೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ನಡುವೆ ಬಳುಕುವ ಜಾಲರಿ ಪೈಪು, ಕೆಲವು ಗಾಡಿಯಲ್ಲಿ ಸದ್ದು ತಗ್ಗಿಸುವ ಒಂದು ಚಿಕ್ಕ ರೆಸೊನೇಟರ್, ಕೊನೆಗೆ ದೊಡ್ಡ ಡಬ್ಬಿ. ಇದರಲ್ಲಿ ಎಲ್ಲಿ ಬಿರುಕು ಬಿಟ್ಟರೂ ಸದ್ದು ಬರುತ್ತದೆ. ಟಪಟಪ ಅಂತ ಮುಂದಿನಿಂದ ಬಂದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಂದರೆ ಜೋಡಣೆ ಸೋರದಂತೆ ನಡುವೆ ಇಡುವ ಹಾಳೆ, ಹೋಗಿರಬಹುದು. ತಗಡು ನಡುಗಿದ ಹಾಗೆ ಝಣಝಣ ಅಂದರೆ ಬಹುಪಾಲು ಶಾಖ ತಡೆಯುವ ತಗಡಿನ ಬೋಲ್ಟು ತುಕ್ಕು ತಿಂದು ಸಡಿಲವಾಗಿರುತ್ತದೆ. ಅದಕ್ಕೆ ದೊಡ್ಡ ಹೋಸ್ ಕ್ಲಾಂಪ್ ಒಂದನ್ನು ಸುತ್ತಿ ಬಿಗಿದರೆ ಮುಗಿಯಿತು. ಡಬ್ಬಿ ತೂಗಾಡುತ್ತಿದ್ದರೆ ಅದನ್ನು ತೂಗುಹಾಕಿದ ರಬ್ಬರ್ ಹ್ಯಾಂಗರ್ ಹರಿದಿರಬಹುದು, ಅದೂ ಚಿಕ್ಕ ಖರ್ಚು.

ಗಾಡಿ ಪೂರ್ತಿ ತಣ್ಣಗಿರುವಾಗ ಎರಡು ಕೆಲಸ ಮಾಡಿ. ಡಬ್ಬಿಯನ್ನು ಅಂಗೈಯಿಂದ ಗುದ್ದಿ. ಒಳಗೆ ಏನೋ ಉರುಳಿದ ಸದ್ದು ಬಂದರೆ ಒಳಗಿನ ತಡೆ ತಗಡುಗಳು ಕಳಚಿವೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಡಬ್ಬಿಯ ತಳ, ಅಂಚು, ಪೈಪು ಸೇರುವ ಜಾಗ ಎಲ್ಲ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ರಟ್ಟಿನ ಹಾಗೆ ದಬ್ ಅನ್ನುತ್ತದೆ. ಅನುಮಾನ ಬಂದ ಕಡೆ ತುದಿಯಿಂದ ಒತ್ತಿ ನೋಡಿ. ಮುಖ್ಯವಾಗಿ ಡಬ್ಬಿಯ ಮುಂದಿರುವ ಪೈಪು ಗಟ್ಟಿಯಿದೆಯಾ ನೋಡಿ. ಹೊಸ ಡಬ್ಬಿಯನ್ನು ಕೊಳೆತ ಪೈಪಿಗೆ ಸಿಕ್ಕಿಸಿದರೆ ಪ್ರಯೋಜನ ಇಲ್ಲ.

ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಲಗಿ. ತುಕ್ಕಿನ ಚಕ್ಕೆ ನೇರ ಕಣ್ಣಿಗೇ ಬೀಳುತ್ತದೆ.

ಹಳೇಗಾಲಿ

ಮೂವತ್ತು ವರ್ಷ ಸೈಲೆನ್ಸರ್ ಕೆಲಸ ಮಾಡಿದವನು ನಾನು, ಈಗ ಅಂಗಡಿ ಮಗನಿಗೆ ಬಿಟ್ಟಿದ್ದೇನೆ. ಕೆಂಪುಕಾರು ಅವರೇ, ಗಾಡಿ ದಿನಕ್ಕೆ ಎಷ್ಟು ದೂರ ಓಡುತ್ತದೆ? ಎರಡು ಮೂರು ಕಿಲೋಮೀಟರ್ ಅಷ್ಟೇ ಇರಬೇಕು ಅಂತ ನನ್ನ ಊಹೆ. ಡಬ್ಬಿಯ ತಳವೇ ಮೊದಲು ಹೋಗಿದೆ ಅಂದರೆ ಅದು ಒಳಗಿನ ತುಕ್ಕು.

ತುಂಬಾ ಜನ ಮಳೆ ನೀರು, ಕೆಸರಿನಿಂದ ಸೈಲೆನ್ಸರ್ ಹಾಳಾಗುತ್ತದೆ ಅಂದುಕೊಳ್ಳುತ್ತಾರೆ. ಅದೂ ಇದೆ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯ ರೂಪದಲ್ಲಿ. ದೂರ ಓಡಿಸಿದರೆ ಡಬ್ಬಿ ಚೆನ್ನಾಗಿ ಕಾದು ಆವಿ ಹೊರಗೆ ಹೋಗುತ್ತದೆ. ಹತ್ತಿರದ ಓಡಾಟದಲ್ಲಿ ಡಬ್ಬಿ ಕಾಯುವ ಮೊದಲೇ ಎಂಜಿನ್ ಆಫ್ ಆಗುತ್ತದೆ. ಆವಿ ಒಳಗೇ ತಣ್ಣಗಾಗಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಹೊಗೆಯ ಜೊತೆ ಸೇರಿ ಆ ನೀರಿಗೆ ಸ್ವಲ್ಪ ಹುಳಿ ಗುಣವೂ ಬಂದಿರುತ್ತದೆ. ರಾತ್ರಿಯಿಡೀ ಅದು ಲೋಹವನ್ನು ತಿನ್ನುತ್ತಾ ಕೂರುತ್ತದೆ. ಹಿಂದಿನ ಡಬ್ಬಿ ಎಂಜಿನ್‌ನಿಂದ ದೂರ ಇರುವುದರಿಂದ ಅದಕ್ಕೇ ಈ ಗತಿ ಜಾಸ್ತಿ.

ಹಾಗಾಗಿ ನಿಮ್ಮ ಓಡಾಟಕ್ಕೆ ಡಬ್ಬಿ ಯಾವ ಲೋಹದ್ದು ಅನ್ನುವುದೇ ದೊಡ್ಡ ಪ್ರಶ್ನೆ. ಬರೀ ಕಪ್ಪು ಬಣ್ಣ ಬಳಿದ ಮಾಮೂಲಿ ಉಕ್ಕು ಅತಿ ಅಗ್ಗ, ಅದನ್ನು ತಗೊಳ್ಳಬೇಡಿ. ಮೇಲೆ ಅಲ್ಯೂಮಿನಿಯಂ ಲೇಪ ಕೊಟ್ಟ ಉಕ್ಕು ಬರುತ್ತದೆ, ಕೈಗೆಟುಕುವ ಬೆಲೆಗೆ ಒಳ್ಳೆಯದು. ಆದರೆ ವೆಲ್ಡ್ ಮಾಡಿದ ಕಡೆ, ಕತ್ತರಿಸಿದ ಅಂಚಿನಲ್ಲಿ ಆ ಲೇಪ ಉಳಿದಿರುವುದಿಲ್ಲ. ತುಕ್ಕು ಅಲ್ಲಿಂದಲೇ ಶುರು. ಅಲ್ಲಿಗೆ ಶಾಖ ತಡೆಯುವ ಪೇಂಟ್ ಹೊಡೆಯಲೇಬೇಕು.

ಅದಕ್ಕಿಂತ ಮೇಲೆ ಸ್ಟೇನ್‌ಲೆಸ್. ಇದರಲ್ಲಿ 409 ಮತ್ತು 304 ಅಂತ ಎರಡು ಜಾತಿ ನೋಡುತ್ತೀರಿ. 409ರಲ್ಲಿ ಕ್ರೋಮಿಯಂ ಸುಮಾರು 11 ಶೇಕಡಾ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ತೂತಾಗಲು ವರ್ಷಗಳು ಬೇಕು. 304ರಲ್ಲಿ ಕ್ರೋಮಿಯಂ ಸುಮಾರು 18, ನಿಕ್ಕಲ್ ಸುಮಾರು 8. ಹೊಳಪು ಉಳಿಯುತ್ತದೆ, ಬೆಲೆಯೂ ಜಾಸ್ತಿ. ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. 304 ಅಂತ ಹೇಳಿ ಕೊಡುವ ಡಬ್ಬಿಗೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಅಲ್ಲ. 409ಕ್ಕೂ ಮಾಮೂಲಿ ಉಕ್ಕಿಗೂ ಅಂಟುತ್ತದೆ, ಹಾಗಾಗಿ ಅವೆರಡನ್ನು ಇದರಿಂದ ಬೇರೆ ಮಾಡಲು ಆಗುವುದಿಲ್ಲ.

ನಾಲ್ಕುಸಿಲಿಂಡರ್

ದಪ್ಪ ಪೈಪಿನ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ನಾನು ಅದನ್ನೇ ಮಾಡಿ ನೋಡಿದವನು.

ಹೋದ ವರ್ಷ ಇಂಥದ್ದೇ ಚಿಕ್ಕ ಎಂಜಿನ್ ಗಾಡಿಗೆ ಎರಡೂವರೆ ಇಂಚಿನ ನೇರ ಮಫ್ಲರ್, ಅಂದರೆ ಒಳಗೆ ಅಡ್ಡ ತಗಡಿಲ್ಲದ ನೇರ ಕೊಳವೆಯದ್ದು, ಹಾಕಿಸಿದೆ. ಮೊದಲ ದಿನ ಖುಷಿ ಆಯಿತು. ಪಿಕಪ್‌ನಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕೆಳಗಿನ ಗೇರಿನಲ್ಲಿ ಗಾಡಿ ಸ್ವಲ್ಪ ಮಂಕಾದ ಹಾಗೇ ಅನ್ನಿಸಿತು. ಕಂಪನಿ ಪೈಪಿನ ಅಳತೆ ಆ ಎಂಜಿನ್ ಬಿಡುವ ಹೊಗೆಗೆ ತಕ್ಕಂತೆ ಇರುತ್ತದೆ. ಪೈಪು ಬೇಕಿರುವುದಕ್ಕಿಂತ ಅಗಲವಾದರೆ ಹೊಗೆಯ ವೇಗ ಇಳಿಯುತ್ತದೆ. ಆ ವೇಗವೇ ಸಿಲಿಂಡರಿನಿಂದ ಉಳಿದ ಹೊಗೆಯನ್ನು ಎಳೆದುಕೊಳ್ಳುವುದು. ಅದೂ ಅಲ್ಲದೆ ಮುಂದಿನ ಪೈಪೆಲ್ಲ ಸಣ್ಣದಿದ್ದು ಕೊನೆಯ ಡಬ್ಬಿ ಮಾತ್ರ ದಪ್ಪ ಆದರೆ ಏನು ಲಾಭ, ಅಲ್ವಾ?

ನಿಜವಾದ ಕಷ್ಟ ಹೆದ್ದಾರಿಯಲ್ಲಿ ಶುರುವಾಯಿತು. ಒಂದೇ ವೇಗದಲ್ಲಿ ಹೋಗುವಾಗ ಕಾರಿನ ಒಳಗೆ ಗೂಂ ಅಂತ ಒಂದೇ ಸಮನೆ ಸದ್ದು. ಕಿವಿ ಮುಚ್ಚಿದ ಹಾಗೆ, ಎದೆಯಲ್ಲಿ ಕಂಪನ. ಅರ್ಧ ಗಂಟೆಯಲ್ಲಿ ಅಮ್ಮನಿಗೆ ತಲೆನೋವು ಬಂದು ಗಾಡಿ ನಿಲ್ಲಿಸಬೇಕಾಯಿತು. ಆಮೇಲೆ ಲೆಕ್ಕ ಹಾಕಿದೆ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ನಿಮಿಷಕ್ಕೆ 2400 ಸುತ್ತು ಅಂದರೆ ಸೆಕೆಂಡಿಗೆ 40 ಸುತ್ತು, 80 ಉರಿ. ಅಂದರೆ 80 ಹರ್ಟ್ಸ್ ಸದ್ದು. ಈ ತಗ್ಗು ಸದ್ದಿಗೆ ಕಾರಿನ ಒಳಗಿನ ಗಾಳಿಯೇ ಡೋಲಿನ ಹಾಗೆ ಕಂಪಿಸುತ್ತದೆ. ನೇರ ಮಫ್ಲರ್ ಕೀಚಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ಇಂಥ ತಗ್ಗು ಸದ್ದನ್ನು ಅಷ್ಟಾಗಿ ಹೀರುವುದಿಲ್ಲ.

ಎರಡು ತಿಂಗಳಲ್ಲಿ ತೆಗೆಸಿ ಮತ್ತೆ ಮಾಮೂಲಿ ಡಬ್ಬಿ ಹಾಕಿಸಿದೆ. ಎರಡು ಸಲ ದುಡ್ಡು ಹೋಯಿತು. ನೀವು ಹಾಗೆ ಮಾಡಬೇಡಿ ಅಂತ ಇಷ್ಟು ಬರೆದೆ.

ಹಳೇಗಾಲಿ

ನಾಲ್ಕುಸಿಲಿಂಡರ್ ತಮ್ಮ ಸರಿಯಾಗಿ ಹೇಳಿದ್ದಾರೆ. ಒಳಗೆ ಏನಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಗ ಆರಿಸುವುದು ಸುಲಭ.

ಒಂದು ಜಾತಿ ಕೋಣೆಗಳಿರುವ ಡಬ್ಬಿ. ಒಳಗೆ ಅಡ್ಡ ತಗಡು ಹಾಕಿ ಎರಡು ಮೂರು ಕೋಣೆ ಮಾಡಿರುತ್ತಾರೆ. ಸದ್ದಿನ ಅಲೆ ಗೋಡೆಗೆ ಬಡಿದು ವಾಪಸ್ ಬಂದು ಇನ್ನೊಂದು ಅಲೆಯನ್ನು ತಿಂದು ಹಾಕುತ್ತದೆ. ಇನ್ನೊಂದು ಜಾತಿಯಲ್ಲಿ ತೂತಿನ ಪೈಪು ಎಸ್ ಆಕಾರದಲ್ಲಿ ಹಿಂದೆ ಮುಂದೆ ಹೋಗಿರುತ್ತದೆ, ಅದಕ್ಕೆ ಟರ್ಬೊ ಮಫ್ಲರ್ ಅಂತಾರೆ. ಹೆಸರು ಅಷ್ಟೇ, ಹಾಕಲು ಗಾಡಿಯಲ್ಲಿ ಟರ್ಬೊ ಇರಬೇಕಿಲ್ಲ. ಮೂರನೆಯದು ನೇರ ಕೊಳವೆ. ತೂತಿನ ಪೈಪಿನ ಸುತ್ತ ಗಾಜಿನ ನಾರು ಅಥವಾ ಉಕ್ಕಿನ ನಾರು ಸುತ್ತಿರುತ್ತಾರೆ. ಹೊಸದರಲ್ಲಿ ಸದ್ದು ಮಿತವಾಗಿ ಇರುತ್ತದೆ. ವರ್ಷ ಕಳೆದ ಹಾಗೆ ನಾರು ಸುಟ್ಟು, ತೂತಿನಿಂದ ಹಾರಿ ಹೋಗಿ ಸದ್ದು ಏರುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಕೇಳಿದ ಸದ್ದು ಎರಡು ವರ್ಷದ ಮೇಲೆ ಇರುವುದಿಲ್ಲ.

ದಿನಾ ಓಡಿಸುವ ಗಾಡಿಗೆ ಮೊದಲ ಎರಡರಲ್ಲಿ ಒಂದು. ತಗೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಒಂದೇ ಗಾತ್ರದ ಎರಡು ಡಬ್ಬಿಯಲ್ಲಿ ಭಾರ ಇರುವುದರಲ್ಲಿ ತಗಡು ದಪ್ಪ ಇರುತ್ತದೆ, ಇಲ್ಲವೇ ಒಳಗೆ ಕೆಲಸ ಜಾಸ್ತಿ ಇರುತ್ತದೆ. ಅಂಚಿನ ಮಡಿಕೆ ಮೇಲೆ ಬೆರಳು ಓಡಿಸಿ, ಸಮವಾಗಿದೆಯಾ ನೋಡಿ.

ಸದ್ದಿನ ಲೆಕ್ಕ ಓದುವಾಗ ಇನ್ನೊಂದು ಮಾತು. 10 ಡೆಸಿಬೆಲ್ ಜಾಸ್ತಿ ಅಂದರೆ ಕೇಳಲು ಸಣ್ಣ ಸಂಖ್ಯೆ, ಆದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು.

ಸಂಜೆಸವಾರಿ

ಕಾನೂನಿನ ಬಗ್ಗೆ ಯಾರೂ ಹೇಳಿಲ್ಲ. ನಿಮ್ಮಲ್ಲಿ ಸದ್ದಿನ ಮಿತಿ ಎಷ್ಟು, ತಪಾಸಣೆಯಲ್ಲಿ ಏನು ನೋಡುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಬದಲಿ ಸೈಲೆನ್ಸರ್‌ಗೆ ಅಂತಲೇ 59ನೇ ನಿಯಮ ಇದೆ. ಅದರಲ್ಲಿ ಪಾಸಾದ ಡಬ್ಬಿಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ E ಅಕ್ಷರ, ಅದರ ಪಕ್ಕ ಅನುಮತಿ ಕೊಟ್ಟ ದೇಶದ ಸಂಖ್ಯೆ ಒತ್ತಿರುತ್ತಾರೆ. ಆ ಗುರುತು ಇದ್ದರೆ ಸದ್ದಿನ ಪರೀಕ್ಷೆ ಆಗಿದೆ ಅಂತ ನಂಬಬಹುದು.

ಮತ್ತೆ ಯಾರಾದರೂ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ನೇರ ಪೈಪು ಹಾಕೋಣ ಅಂದರೆ ಒಪ್ಪಬೇಡಿ. ವಿಷದ ಹೊಗೆಯನ್ನು ಕಡಿಮೆ ಮಾಡುವುದೇ ಅದು. ತುಂಬಾ ದೇಶಗಳಲ್ಲಿ ಅದನ್ನು ತೆಗೆಯುವುದು ಅಪರಾಧ.

ಕೆಂಪುಕಾರು

ಇಷ್ಟು ಜನ ಇಷ್ಟು ಬಿಡಿಸಿ ಬರೆದಿದ್ದೀರಿ, ತುಂಬಾ ಧನ್ಯವಾದ. ಹಳೇಗಾಲಿ ಅಣ್ಣ, ನಿಮ್ಮ ಊಹೆ ಸರಿ. ದಿನಕ್ಕೆ ಹೋಗಿ ಬಂದು ಮೂರು ಕಿಲೋಮೀಟರ್ ಅಷ್ಟೇ.

ಇವತ್ತು ಬೆಳಿಗ್ಗೆ ತಟ್ಟಿ ನೋಡಿದೆ. ಡಬ್ಬಿಯ ತಳದಲ್ಲಿ ಹಿಂದಿನ ಅಂಚಿನ ಹತ್ತಿರ ಸ್ಕ್ರೂಡ್ರೈವರ್ ಒತ್ತಿದ ಕೂಡಲೇ ಒಳಗೆ ಹೋಯಿತು. ತೆಗೆದರೆ ಕಂದು ನೀರು ತೊಟ್ಟಿಕ್ಕಿತು. ಮುಂದಿನ ಪೈಪು ಮಾತ್ರ ಠಣ್ ಅನ್ನುತ್ತದೆ. ಡಬ್ಬಿಯ ಮೂತಿ ಆ ಪೈಪಿನ ಮೇಲೆ ಸಿಕ್ಕಿಸಿ ಕ್ಲಾಂಪ್ ಹಾಕಿದ್ದಾರೆ. ವೆಲ್ಡ್ ಇಲ್ಲ. ಹ್ಯಾಂಗರ್ ಎರಡು, ಒಂದರಲ್ಲಿ ಬಿರುಕಿದೆ.

ಈಗ ಗೊಂದಲ ಬೇರೆ. ನನ್ನ ಗಾಡಿಗೇ ಅಂತ ಮಾಡಿದ ಡಬ್ಬಿ ಒಂದು ಸಿಗುತ್ತದೆ. ಎಲ್ಲ ಗಾಡಿಗೂ ಆಗುವ ಡಬ್ಬಿ ಅದಕ್ಕಿಂತ ಅಗ್ಗ. ದುಡ್ಡು ಉಳಿಸಬೇಕು ಅಂದರೆ ಎರಡನೆಯದೇ ಅಲ್ವಾ?

ನಟ್ಟುಬೋಲ್ಟು

ಅಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಿಮಗೆ ವೆಲ್ಡಿಂಗ್ ಬಂದಿದ್ದರೆ ಮಾತು ಬೇರೆ. ಎಲ್ಲ ಗಾಡಿಗೂ ಆಗುವ ಡಬ್ಬಿ ಅಂದರೆ ಯಾವ ಗಾಡಿಗೂ ನೇರವಾಗಿ ಆಗದ ಡಬ್ಬಿ. ಅದರ ಮೂತಿ ನಡುವೆ ಇರುತ್ತದೋ ಪಕ್ಕಕ್ಕೆ ಇರುತ್ತದೋ ನೋಡಬೇಕು. ಬಾಲದ ಪೈಪನ್ನು ಬೇರೆ ಬಗ್ಗಿಸಿಕೊಳ್ಳಬೇಕು. ಹ್ಯಾಂಗರ್ ಕೊಕ್ಕೆಯನ್ನು ವೆಲ್ಡ್ ಮಾಡಿಸಬೇಕು. ಅಳತೆ ಸರಿಹೋಗದಿದ್ದರೆ ನಡುವೆ ಅಡಾಪ್ಟರ್. ಒಂದೊಂದು ಜೋಡಣೆಗೂ ಒಂದೊಂದು ಕ್ಲಾಂಪ್. ಈ ಕೂಲಿ ಎಲ್ಲ ಸೇರಿಸಿ ನೋಡಿ, ಉಳಿದದ್ದೆಲ್ಲ ಅಲ್ಲೇ ಹೋಗಿರುತ್ತದೆ. ನಿಮ್ಮ ಗಾಡಿಗೆ ಮಾಡಿದ್ದರಲ್ಲಿ ಪೈಪಿನ ಬಾಗು, ಕೊಕ್ಕೆ, ಬಾಲ ಎಲ್ಲ ಬಂದಿರುತ್ತದೆ.

ಯಾವುದು ತಗೊಂಡರೂ ಪೈಪಿನ ಅಳತೆ ನೀವೇ ತೆಗೆದುಕೊಂಡು ಹೋಗಿ. ಒಂದೇ ಮಾಡೆಲ್‌ನಲ್ಲಿ ವರ್ಷಕ್ಕೊಂದು ಅಳತೆ ಇರುವುದುಂಟು. ಕ್ಯಾಲಿಪರ್ ಇಲ್ಲದಿದ್ದರೆ ದಾರ ಸಾಕು. ಪೈಪಿನ ಸುತ್ತ ಒಂದು ಸುತ್ತು ಬಿಗಿಯಾಗಿ ಸುತ್ತಿ, ದಾರ ಕೂಡುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಬಿಚ್ಚಿ ಸ್ಕೇಲಿನ ಮೇಲೆ ಅಳೆದು 3.14ರಿಂದ ಭಾಗಿಸಿ. ಬಂದದ್ದು ಹೊರ ಅಡ್ಡಳತೆ. ಹೊಸ ಡಬ್ಬಿಯ ಮೂತಿಯ ಒಳ ಅಡ್ಡಳತೆ ಇದಕ್ಕೆ ಹೊಂದಬೇಕು. ಹೊರ ಅಳತೆಯನ್ನು ಹೊರ ಅಳತೆಗೆ ಹೋಲಿಸಿ ತಗೊಂಡರೆ ಒಂದರೊಳಗೆ ಒಂದು ಹೋಗುವುದೇ ಇಲ್ಲ. ತುಂಬಾ ಜನ ಎಡವುವುದು ಇಲ್ಲೇ.

ಕೆಂಪುಕಾರು

ಅಳೆದೆ. ದಾರ 157 ಮಿಲಿಮೀಟರ್ ಬಂತು. ಅಂದರೆ 50 ಮಿಲಿಮೀಟರ್. ಎರಡು ಇಂಚಿನ ಮೂತಿ 50.8 ಇರುತ್ತದೆ ಅಂತಾರೆ. ಸರಿಯಾಗಿ ಕೂರುತ್ತದೆ ಅಲ್ವಾ?

ಹಳೇಗಾಲಿ

ಅಳೆದ ಜಾಗ ಉಜ್ಜಿದ್ದೀರಾ? ತುಕ್ಕು ಹಿಡಿದ ಲೋಹ ಉಬ್ಬುತ್ತದೆ. ಉಜ್ಜು ಕಾಗದ ಹಾಕಿ ಬೆಳ್ಳಗಾಗುವವರೆಗೆ ಉಜ್ಜಿ, ಆಮೇಲೆ ಇನ್ನೊಮ್ಮೆ ಅಳೆಯಿರಿ.

ಕೆಂಪುಕಾರು

ಅಣ್ಣ, ಉಜ್ಜಿದ ಮೇಲೆ 151 ಬಂತು. ಅಂದರೆ 48 ಮಿಲಿಮೀಟರ್. ಚಕ್ಕೆ ಚಕ್ಕೆಯಾಗಿ ಒಂದು ಮಿಲಿಮೀಟರ್ ದಪ್ಪದ ತುಕ್ಕು ಸುತ್ತಲೂ ಇತ್ತು. ಎರಡು ಇಂಚಿನದ್ದು ತಂದಿದ್ದರೆ ಸುಮಾರು ಮೂರು ಮಿಲಿಮೀಟರ್ ಸಡಿಲ ಆಗುತ್ತಿತ್ತು.

ನನ್ನ ಗಾಡಿಗೇ ಮಾಡಿದ ಡಬ್ಬಿಯ ಮೂತಿ 48ಕ್ಕೇ ಇದೆ. ಅಲ್ಯೂಮಿನಿಯಂ ಲೇಪದ್ದು, ಒಳಗೆ ಕೋಣೆ. ಅದನ್ನೇ ತರಿಸಲು ಹೇಳಿದ್ದೇನೆ. ಎರಡೂ ಹ್ಯಾಂಗರ್ ಹೊಸದು, ಕ್ಲಾಂಪ್ ಹೊಸದು.

ಬೆಂಕಿಕೆಲಸ

ತಡವಾಗಿ ನೋಡಿದೆ. ನಾನು ವೆಲ್ಡಿಂಗ್ ಮಾಡುವವನು. ಕೆಂಪುಕಾರು ಅವರ ತೀರ್ಮಾನ ಅವರಿಗೆ ಸರಿ. ಆದರೆ ಎಲ್ಲ ಗಾಡಿಗೂ ಆಗುವ ಡಬ್ಬಿಯನ್ನು ಪೂರ್ತಿ ತಳ್ಳಿಹಾಕಬೇಡಿ. ತುಂಬಾ ಹಳೆಯ ಗಾಡಿಗೆ ಅಂತ ಮಾಡಿದ ಡಬ್ಬಿ ಸಿಗುವುದೇ ಇಲ್ಲ. ಬಾಲದ ಪೈಪು ಗಟ್ಟಿಯಿದ್ದು ಡಬ್ಬಿ ಮಾತ್ರ ಹೋಗಿದ್ದರೆ, ಅದೇ ಗಾತ್ರದ ಡಬ್ಬಿಯನ್ನು ನಡುವೆ ಕೂರಿಸಿ ಎರಡು ಸುತ್ತು ವೆಲ್ಡ್ ಮಾಡಿದರೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ವೆಲ್ಡ್ ಮಾಡಿದ ಜೋಡಣೆ ಸೋರುವುದೂ ಇಲ್ಲ.

ಗಾಡಿಯ ಮೇಲೆಯೇ ವೆಲ್ಡ್ ಮಾಡಿಸುವವರು ಇದನ್ನು ನೆನಪಿಡಿ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಸಿ. ವೆಲ್ಡಿಂಗ್ ಯಂತ್ರದ ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರದಲ್ಲೇ ಹಾಕಬೇಕು. ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕ್ ಪೈಪು ಅಲ್ಲೇ ಪಕ್ಕದಲ್ಲಿ ಹೋಗಿರುತ್ತವೆ. ಗಾಡಿಯ ಹೊಟ್ಟೆಗೆ ಬಳಿದ ಕಪ್ಪು ಲೇಪಕ್ಕೂ ಬೆಂಕಿ ಹತ್ತುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ನನ್ನ ಕೇಳಿದರೆ, ಸಾಧ್ಯವಾದಷ್ಟೂ ಪೈಪು ಕೆಳಗಿಳಿಸಿ ನೆಲದ ಮೇಲೆ ವೆಲ್ಡ್ ಮಾಡಿಸಿ.

ಮತ್ತೆ ಸತುವು ಲೇಪದ ನೀರಿನ ಪೈಪು, ಅಂದರೆ ಜಿಐ ಪೈಪು, ಮನೆಯಲ್ಲಿ ಉಳಿದಿದೆ ಅಂತ ಸೈಲೆನ್ಸರಿಗೆ ತರುತ್ತಾರೆ. ಅದನ್ನು ವೆಲ್ಡ್ ಮಾಡಿದರೆ ಬರುವ ಸತುವಿನ ಹೊಗೆ ಕುಡಿದು ಜ್ವರ ಬರುತ್ತದೆ. ನಮ್ಮ ಕೆಲಸದವರಲ್ಲಿ ಎಷ್ಟೋ ಜನ ಅನುಭವಿಸಿದ್ದಾರೆ. ತರಬೇಡಿ.

ಕೆಂಪುಕಾರು

ಡಬ್ಬಿ ಬಂತು. ಭಾನುವಾರ ಕೂರಿಸೋಣ ಅಂತಿದ್ದೇನೆ. ಹಳೇಗಾಲಿ ಅಣ್ಣ, ಯಾವುದರಿಂದ ಶುರು ಮಾಡಲಿ?

ಹಳೇಗಾಲಿ

ಶನಿವಾರ ಸಂಜೆಯೇ ಶುರು ಮಾಡಿ. ತಣ್ಣಗಿರುವ ಹಳೆಯ ಕ್ಲಾಂಪಿನ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ತಿರುಗಿಸುವಾಗ ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕಿನ ಹಿಡಿತ ಹಾಗೆ ಬಿಡುತ್ತದೆ.

ಗಾಡಿಯನ್ನು ಸಮತಟ್ಟು ಗಟ್ಟಿ ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಿ. ಜಾಕಿನಿಂದ ಎತ್ತಿ, ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಯಾರದ್ದಾದರೂ ಕೇಳಿ ತನ್ನಿ, ಸಿಗದಿದ್ದರೆ ಕೆಲಸ ಮುಂದಿನ ವಾರಕ್ಕೆ ಇಡಿ. ಇದರಲ್ಲಿ ಮಾತ್ರ ಉಳಿತಾಯ ಬೇಡ.

ಹಳೆಯ ಡಬ್ಬಿ ಪೈಪಿನಿಂದ ಸುಲಭಕ್ಕೆ ಬಿಡುವುದಿಲ್ಲ. ಜಗ್ಗಾಡಿ ಮುಂದಿನ ಗ್ಯಾಸ್ಕೆಟ್ ಹರಿಯಬೇಡಿ. ಡಬ್ಬಿಯ ಮೂತಿಯಿಂದ ಒಂದು ಗೇಣು ಹಿಂದೆ ಹ್ಯಾಕ್ಸಾದಿಂದ ಕತ್ತರಿಸಿ ಡಬ್ಬಿ ಇಳಿಸಿಬಿಡಿ. ಉಳಿದ ಕೊಳವೆಯ ಮೇಲೆ ಉದ್ದಕ್ಕೆ ಒಂದು ಗೀರು ಕೊಯ್ಯಿರಿ. ಹೊರಗಿನ ಪೈಪು ಮಾತ್ರ ಕೊಯ್ಯಬೇಕು, ಒಳಗಿನದಕ್ಕೆ ಗಾಯ ಆಗಬಾರದು. ಉಳಿಯನ್ನು ಗೀರಿಗೆ ಕೊಟ್ಟು ಮೆಲ್ಲಗೆ ತಟ್ಟಿದರೆ ಬಾಳೆ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ.

ರಬ್ಬರ್ ಹ್ಯಾಂಗರ್‌ಗೆ ಸೋಪಿನ ನೀರು ಸವರಿದರೆ ಕೊಕ್ಕೆ ಜಾರುತ್ತದೆ. ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಹಾಳಾಗುತ್ತದೆ.

ಹೊಸ ಡಬ್ಬಿಯ ಮೇಲೆ ಬಾಣದ ಗುರುತು ಇದ್ದರೆ ಅದು ಹಿಂದಕ್ಕೆ ಮುಖ ಮಾಡಬೇಕು. ಮೊದಲು ಹ್ಯಾಂಗರ್‌ಗೆ ತೂಗುಹಾಕಿ, ಆಮೇಲೆ ಮೂತಿ ಸಿಕ್ಕಿಸಿ. ಒಂದರೊಳಗೆ ಒಂದು 40ರಿಂದ 50 ಮಿಲಿಮೀಟರ್ ಹೋಗಿರಬೇಕು. ಸಿಕ್ಕಿಸುವ ಮೊದಲು ಪೈಪಿಗೆ ಸಂದಿ ಮುಚ್ಚುವ ಸೈಲೆನ್ಸರ್ ಪೇಸ್ಟ್ ತೆಳ್ಳಗೆ ಬಳಿಯಿರಿ. ಕ್ಲಾಂಪ್ ಕೈಬಿಗಿ ಅಷ್ಟೇ. ಈಗ ಎದ್ದು ಹಿಂದೆ ನಿಂತು ನೋಡಿ. ಬಾಲ ನೇರ ಇದೆಯಾ, ಬಂಪರಿಗೆ, ತಳಕ್ಕೆ, ಸ್ಪ್ರಿಂಗಿಗೆ ಎಲ್ಲೂ ತಾಗುತ್ತಿಲ್ಲವಾ. ಸುತ್ತ ಎರಡು ಬೆರಳು ಓಡಾಡುವಷ್ಟು ಜಾಗ ಬೇಕು. ಕಾದಾಗ ಪೈಪು ಉದ್ದ ಆಗುತ್ತದೆ, ಎಂಜಿನ್ ಅಲುಗಾಡಿದಾಗ ಅದೂ ಅಲುಗುತ್ತದೆ. ಎಲ್ಲ ಸರಿ ಅನ್ನಿಸಿದ ಮೇಲೆ ಬಿಗಿಯಿರಿ. ಯು ಬೋಲ್ಟ್ ಕ್ಲಾಂಪ್ ಆದರೆ ಎರಡೂ ನಟ್ಟನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು. ಅದು ಪೈಪನ್ನು ಅಮುಕಿ ಹಿಡಿಯುತ್ತದೆ, ಮುಂದೆ ಬಿಡಿಸಲು ಕಷ್ಟ. ಪಟ್ಟಿಯ ಹಾಗಿರುವ ಕ್ಲಾಂಪ್ ಸ್ವಲ್ಪ ಬೆಲೆ ಜಾಸ್ತಿ, ಆದರೆ ಪೈಪು ಕೆಡಿಸುವುದಿಲ್ಲ. ಅದನ್ನೇ ತನ್ನಿ.

ನಟ್ಟುಬೋಲ್ಟು

ಒಂದು ಸೇರಿಸುತ್ತೇನೆ. ಸ್ಟಾರ್ಟ್ ಮಾಡುವಾಗ ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಎಂಜಿನ್ ತಣ್ಣಗಿರುವಾಗಲೇ ಜೋಡಣೆಗೆ ಸೋಪಿನ ನೀರು ಹಾಕಿ, ಸ್ಟಾರ್ಟ್ ಮಾಡಿ, ಇನ್ನೊಬ್ಬರು ದಪ್ಪ ಬಟ್ಟೆಯಿಂದ ಬಾಲದ ಬಾಯನ್ನು ಅರ್ಧ ಮುಚ್ಚಲಿ. ಸೋರಿದರೆ ಗುಳ್ಳೆ ಏಳುತ್ತದೆ. ಬಾಲದ ತುದಿ ಗಾಡಿಯ ಹೊರಗೆ ಬಂದಿರಲೇಬೇಕು. ಬಂಪರಿನ ಕೆಳಗೇ ನಿಂತರೆ ಹೊಗೆ ಡಿಕ್ಕಿಯ ಸಂದಿಯಿಂದ ಒಳಗೆ ಬರುತ್ತದೆ.

ಕೆಂಪುಕಾರು

ಆಯಿತು! ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಮುಗಿಸಿದೆ. ಪಕ್ಕದ ಮನೆಯ ಮಗುವಿನ ಅಪ್ಪನೇ ಸ್ಟ್ಯಾಂಡ್ ಕೊಟ್ಟರು, ಡಬ್ಬಿ ಹಿಡಿದುಕೊಳ್ಳಲೂ ಬಂದರು.

ಜಾಸ್ತಿ ಹೊತ್ತು ಹಿಡಿದದ್ದು ಹಳೆಯ ಮೂತಿ ಬಿಡಿಸಲು. ಗೀರು ಕೊಯ್ಯುವಾಗ ಹ್ಯಾಕ್ಸಾ ಮೂರು ಬ್ಲೇಡು ತಿಂದಿತು. ಕೊಯ್ಯುತ್ತಾ ಕೊಯ್ಯುತ್ತಾ ಸದ್ದು ಬದಲಾಯಿತು, ಅಲ್ಲಿಗೆ ಒಳಗಿನ ಪೈಪು ಸಿಕ್ಕಿತು ಅಂತ ನಿಲ್ಲಿಸಿದೆ. ಉಳಿ ಕೊಟ್ಟು ಎರಡು ಏಟು, ನೀವು ಹೇಳಿದ ಹಾಗೇ ಸುರುಳಿಯಾಗಿ ಬಿಚ್ಚಿಕೊಂಡಿತು. ಕೆಳಗಿನ ಪೈಪು ಕ್ಯಾಲೆಂಡರ್ ಹಾಳೆಯ ಹಿಂಭಾಗದ ಹಾಗೆ ನುಣ್ಣಗಿತ್ತು. ಕೈಯಿಂದ ಸವರಿ ನೋಡಿದೆ, ಗಾಯ ಇಲ್ಲ.

ಹೊಸ ಡಬ್ಬಿ ಸಿಕ್ಕಿಸಿದೆ, 45 ಮಿಲಿಮೀಟರ್ ಒಳಗೆ ಹೋಯಿತು. ಸೋಪಿನ ನೀರಿನಲ್ಲಿ ಒಂದು ಕಡೆ ಗುಳ್ಳೆ ಬಂತು, ಕ್ಲಾಂಪ್ ಅರ್ಧ ಸುತ್ತು ಬಿಗಿದ ಮೇಲೆ ನಿಂತಿತು. ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಡಬ್ಬಿಯಿಂದ ಹೊಗೆ ಎದ್ದು ಗಾಬರಿ ಆಯಿತು. ವಾಸನೆ ಎಣ್ಣೆ ಸುಟ್ಟ ಹಾಗಿತ್ತು.

ಈಗ ಇನ್ನೊಂದೇ ತೊಂದರೆ. ನಿಂತಲ್ಲಿ ಎಂಜಿನ್ ಓಡುತ್ತಿದ್ದರೆ ಸದ್ದೇ ಇಲ್ಲ. ಗೇರಿಗೆ ಹಾಕಿ ಕ್ಲಚ್ ಬಿಡುವಾಗ ಮಾತ್ರ ಹಿಂದೆ ಟರ್ ಅನ್ನುತ್ತದೆ.

ಹಳೇಗಾಲಿ

ಹೊಗೆಗೆ ಹೆದರಬೇಡಿ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಸವರಿದ ಎಣ್ಣೆ ಸುಡುತ್ತಿದೆ. ಒಂದೆರಡು ಓಡಾಟದಲ್ಲಿ ನಿಲ್ಲುತ್ತದೆ.

ಟರ್ ಅನ್ನುವುದು ಎಲ್ಲೋ ತಾಗುತ್ತಿದೆ. ಕ್ಲಚ್ ಬಿಡುವಾಗ ಎಂಜಿನ್ ಒಂದು ಕಡೆಗೆ ವಾಲುತ್ತದೆ, ಅದರ ಜೊತೆ ಪೈಪೂ ವಾಲುತ್ತದೆ. ತಣ್ಣಗಾದ ಮೇಲೆ ಡಬ್ಬಿಯ ಸುತ್ತ ಟಾರ್ಚು ಹಿಡಿದು, ಒಂದು ಪೋಸ್ಟ್‌ಕಾರ್ಡ್ ಸಂದಿಯಲ್ಲಿ ತೂರಿಸುತ್ತಾ ಹೋಗಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅದೇ ಜಾಗ. ಲೋಹದ ಮೇಲೆ ಉಜ್ಜಿದ ಹೊಳಪು ಗುರುತೂ ಕಾಣಬಹುದು.

ಕೆಂಪುಕಾರು

ಸಿಕ್ಕಿತು. ಬಾಲ ಹೊರಬರುವಲ್ಲಿ ಬಂಪರ್ ಹಿಡಿದ ಪಟ್ಟಿಗೂ ಪೈಪಿಗೂ ನಡುವೆ ಕಾರ್ಡು ಹೋಗಲಿಲ್ಲ. ಉಗುರಿನಷ್ಟು ಹೊಳಪು ಗುರುತು ಬಿದ್ದಿತ್ತು. ಕ್ಲಾಂಪ್ ಸಡಿಲಿಸಿ ಡಬ್ಬಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಬಿಗಿದೆ. ಈಗ ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಟರ್ ನಿಂತಿತು. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಗು ಏಳಲಿಲ್ಲ.

ನಟ್ಟುಬೋಲ್ಟು

ಒಂದು ವಾರ ಓಡಿಸಿದ ಮೇಲೆ ಕ್ಲಾಂಪ್ ಇನ್ನೊಮ್ಮೆ ನೋಡಿ. ಕಾದು ತಣ್ಣಗಾಗಿ ಸ್ವಲ್ಪ ಸಡಿಲ ಆಗಿರುತ್ತದೆ.

ಕೆಂಪುಕಾರು

ಒಂದು ವಾರ ಆಯಿತು. ಕ್ಲಾಂಪ್ ಕಾಲು ಸುತ್ತು ತಗೊಂಡಿತು. ಆದರೆ ಒಂದು ಅನುಮಾನ. ಡಬ್ಬಿಯ ತಳದಲ್ಲಿ ಸೂಜಿ ಮೊನೆಯಷ್ಟು ತೂತು ಇದೆ. ಬೆಳಿಗ್ಗೆ ಅಲ್ಲಿಂದ ನೀರು ತೊಟ್ಟಿಕ್ಕುತ್ತದೆ. ಪೇಸ್ಟ್ ಉಳಿದಿದೆ, ಮುಚ್ಚಿಬಿಡಲಾ?

ಹಳೇಗಾಲಿ

ಮುಚ್ಚಬೇಡಿ! ಅದು ಕಾರ್ಖಾನೆಯಲ್ಲೇ ಕೊರೆದದ್ದು. ನಾನು ಮೊದಲು ಹೇಳಿದೆನಲ್ಲ, ಒಳಗೆ ಹುಟ್ಟುವ ನೀರು, ಅದು ಹೊರಗೆ ಹೋಗಲಿ ಅಂತಲೇ ಇಟ್ಟ ದಾರಿ. ಕೆಸರು ತುಂಬಿ ಮುಚ್ಚಿಕೊಂಡರೆ ತಂತಿಯಿಂದ ಬಿಡಿಸಿ. ಮತ್ತೆ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ಒಂದೇ ಸಮನೆ ಓಡಿಸಿ, ಡಬ್ಬಿ ಪೂರ್ತಿ ಕಾಯಲಿ.

ಕೆಂಪುಕಾರು

ಪೇಸ್ಟ್ ಡಬ್ಬಿ ಒಳಗಿಟ್ಟೆ ಅಣ್ಣ. ಈ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ದೂರ ಹೋಗಿ ಬರುತ್ತೇನೆ.